ಸೀಸೆಯ ತಳದ ಹೆಪ್ಪು

ಗಾಜಿನ ಜಾಡಿಯ ಬಾಯಿಂದ ಹೊರಟ ರಬ್ಬರ್ ನಳಿಗೆಯ ತುದಿ ನೀರಿನ ಲೋಟದಲ್ಲಿ ಮುಳುಗಿತ್ತು. ಆ ತುದಿಯಲ್ಲಿ ಒಂದು ಗುಳ್ಳೆ ನಿಧಾನವಾಗಿ ಉಬ್ಬುತ್ತಿತ್ತು. ಇನ್ನೇನು ಒಡೆಯಿತು ಎನ್ನುವಾಗ ಯಾಕೋ ತಡೆದು ನಿಂತು, ಆಮೇಲೆ 'ಬುಳುಕ್' ಎನ್ನುತ್ತಿತ್ತು. ಮಾತನ್ನು ನಾಲಿಗೆಯವರೆಗೆ ತಂದು ನುಂಗಿಕೊಳ್ಳುವವರೇ ತುಂಬಿದ್ದ ಆ ಮನೆಯಲ್ಲಿ, ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತಿದ್ದುದು ಅದೊಂದೇ. ಈಗಲೂ ಎಲ್ಲಿಯಾದರೂ ನೀರು ಹಾಗೆ ಸದ್ದು ಮಾಡಿದರೆ ನನಗೆ ಆ ಉಗ್ರಾಣದ ಮೂಲೆ ನೆನಪಾಗುತ್ತದೆ.

ಆ ಊರಿಗೆ ನಾನು ಡ್ರಾಯಿಂಗ್ ಟೀಚರ್ ಆಗಿ ಹೋಗಿದ್ದೆ. ಡ್ರಾಯಿಂಗ್ ಪೀರಿಯಡ್ ಎಂದರೆ ಲೆಕ್ಕದ ಮೇಷ್ಟರು ಉಳಿದ ಪಾಠ ಮುಗಿಸಿಕೊಳ್ಳುವ ಪೀರಿಯಡ್ ಎಂದು ಅಲ್ಲಿನವರು ತಿಳಿದಿದ್ದರು. ಹಾಗಾಗಿ ನನಗೆ ಬಿಡುವು ಬೇಕಾದಷ್ಟಿತ್ತು, ಮಾತಾಡಿಸುವವರು ಇರಲಿಲ್ಲ. ಸಂಜೆ ಐದರ ಮೇಲೆ ಹೊತ್ತು ಹೋಗುವುದೇ ಕಷ್ಟವಾಗುತ್ತಿತ್ತು. ಬಾಡಿಗೆಗೆ ಸಿಕ್ಕ ಕೋಣೆ ಅಯ್ಯಂಗಾರ್ ಬೇಕರಿಯ ತಿರುನಾರಾಯಣ ಅವರ ಮನೆಯ ಮಹಡಿಯದು. ಊಟವೂ ಅವರಲ್ಲೇ. ಕೆಳಗೆ ಅವರು ಮತ್ತು ಅವರ ಅಕ್ಕ ಯದುಗಿರಮ್ಮ. ತಿರುನಾರಾಯಣ ಮದುವೆಯಾಗಿರಲಿಲ್ಲ, ಯದುಗಿರಮ್ಮ ಗಂಡನನ್ನು ಕಳೆದುಕೊಂಡು ಚಿಕ್ಕ ವಯಸ್ಸಿಗೇ ತೌರಿಗೆ ಬಂದವರು, ಮಡಿಯಲ್ಲಿ ಅಡುಗೆ ಮಾಡುವವರು.

ಮೊದಲ ದಿನ ಊಟಕ್ಕೆ ಕೂತಾಗಲೇ ನನಗೆ ಈ ಮನೆಯಲ್ಲಿ ಇನ್ನೊಂದು ಕೆಲಸವೂ ಇದೆ ಎಂದು ಗೊತ್ತಾಯಿತು.

"ಸಾರಿಗೆ ಉಪ್ಪು ಸಾಲದು ಅಂತ ಹೇಳಿ, ಟೀಚರ್," ಎಂದರು ತಿರುನಾರಾಯಣ, ಎಲೆಯಿಂದ ತಲೆ ಎತ್ತದೆ.

ಯದುಗಿರಮ್ಮ ಅವರ ಎದುರಿಗೇ ಸೌಟು ಹಿಡಿದು ನಿಂತಿದ್ದರು. ನಾನು ತಬ್ಬಿಬ್ಬಾಗಿ ಅವರ ಮುಖ ನೋಡಿದೆ.

"ಬೇಕಾದವರು ಹಾಕ್ಕೋಬಹುದು ಅಂತ ಹೇಳಮ್ಮ," ಎಂದರು ಅವರು.

ನಾನು ಬರುವ ಮೊದಲು ಇಬ್ಬರೂ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರಂತೆ. ಕಂಬಕ್ಕಿಂತ ನಾನು ವಾಸಿಯೇ ಇದ್ದಿರಬೇಕು. ನಾನಾದರೆ ತಿರುಗಿ ಹೇಳುತ್ತಿದ್ದೆ. ಕ್ರಮೇಣ ನನಗೆ ಅಭ್ಯಾಸವಾಯಿತು. ಟಪಾಲಿನವನು ಯಾರ ಮನೆಯ ಸುಖದುಃಖವನ್ನೂ ತಲೆಗೆ ಹಚ್ಚಿಕೊಳ್ಳುವುದಿಲ್ಲವಲ್ಲ, ಹಾಗೆ ಇದ್ದುಬಿಟ್ಟೆ. ಇದ್ದುಬಿಟ್ಟೆ ಎಂದುಕೊಂಡಿದ್ದೆ, ಅಷ್ಟೆ.

ಕಾರಣವನ್ನು ಯದುಗಿರಮ್ಮನೇ ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಹೇಳಿದರು. ಊರಿನ ಗಾಜಿನ ಕಾರ್ಖಾನೆಗೆ ಕುಲುಮೆ ಕಟ್ಟಿಸಲು ಬೆಲ್ಜಿಯಂ ದೇಶದ ಲೀವನ್ ಎಂಬ ಸಾಹೇಬರೊಬ್ಬರು ಬಂದಿದ್ದರು. ನನ್ನ ಕೋಣೆಯಲ್ಲೇ ಇದ್ದದ್ದು. ಬೇಕರಿಯ ಬ್ರೆಡ್ಡನ್ನು ಅಂಗೈಯಲ್ಲಿ ಅಮುಕಿ ನೋಡಿ, "ಇದು ಬ್ರೆಡ್ಡಲ್ಲ, ದಿಂಬು," ಎಂದರಂತೆ. ಜಗಳವಾಗಬೇಕಿತ್ತು, ಸ್ನೇಹವಾಯಿತು. ಆಮೇಲೆ ಹಿಟ್ಟಿನ ತೊಟ್ಟಿಯ ಮೇಲೆ ಎರಡು ತಲೆ, ಸಂಜೆಯಾದರೆ ತಾರಸಿಯ ಮೇಲೆ ಎರಡು ಕುರ್ಚಿ.

"ನನಗೆ ಅದೇನೂ ಬೇಜಾರಿರಲಿಲ್ಲ," ಎಂದರು ಯದುಗಿರಮ್ಮ. "ಪಾಪ, ಯಾರೂ ಇಲ್ಲದ ಪ್ರಾಣಿ. ನಮ್ಮ ಪುಳಿಯೋಗರೆ ತಿಂದು ಕಣ್ಣಲ್ಲಿ ನೀರು ಹಾಕ್ಕೊಂಡು ಇನ್ನೂ ಹಾಕಿ ಅಂತಿತ್ತು. ಆದರೆ ನಮ್ಮಪ್ಪನ ಶ್ರಾದ್ಧದ ದಿನ ಇವನು ಏನು ಮಾಡಿದ ಗೊತ್ತೇನು? ಎಲೆ ಹಾಕಿ ಆಗಿತ್ತು. ದರ್ಭೆಯ ಪವಿತ್ರ ಬೆರಳಿಗೆ ಹಾಕ್ಕೊಂಡು, ಎಳ್ಳು ಕೈಲಿ ಹಿಡಿದು ಕೂತವನ ಬಾಯಿಂದ ವಾಸನೆ! ಪುರೋಹಿತರು ಎದ್ದು ನಿಂತುಬಿಟ್ಟರು. ಅವತ್ತಿಗೆ ಮುಗೀತು."

ಅವತ್ತಿನಿಂದ ತಿರುನಾರಾಯಣ ಕುಡಿತ ಮುಟ್ಟಿರಲಿಲ್ಲ. ಮುಟ್ಟುವುದಿಲ್ಲ ಎಂದು ದೇವರ ಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ್ದರಂತೆ. ಯದುಗಿರಮ್ಮ ಅದನ್ನು ನಂಬಲೂ ಇಲ್ಲ, ನಂಬುವುದಿಲ್ಲ ಎಂದು ಹೇಳಲೂ ಇಲ್ಲ.

ಒಂದು ದಿನ ತಿರುನಾರಾಯಣ ಬೇಕರಿಯಿಂದ ನಡುಹಗಲಲ್ಲೇ ಮನೆಗೆ ಬಂದರು. ಚಪ್ಪಲಿ ಬಿಟ್ಟವರು ಒಳಗೆ ಬರದೆ ಸೀದಾ ಬಾವಿಕಟ್ಟೆಗೆ ಹೋಗಿ, ಒಂದಾದ ಮೇಲೊಂದು ಕೊಡ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು. ಅಂಗಿ, ಪಂಚೆ, ಜೇಬಿನಲ್ಲಿದ್ದ ಕನ್ನಡಕ ಯಾವುದನ್ನೂ ತೆಗೆದಿರಲಿಲ್ಲ. ಹತ್ತಿರದ ದಾಯಾದಿಗಳ ಸಾವಿನ ಸುದ್ದಿ ಬಹಳ ತಡವಾಗಿ ಬಂದರೆ ಹಾಗೆ ಉಟ್ಟ ಬಟ್ಟೆಯಲ್ಲೇ ಮೀಯುವುದು ಪದ್ಧತಿ.

ಯದುಗಿರಮ್ಮ ಹಿತ್ತಲ ಬಾಗಿಲಿಗೆ ಓಡಿ ಬಂದರು. "ಯಾರು ಹೋದರು ಅಂತ ಕೇಳಮ್ಮ. ನನಗೂ ಸ್ನಾನ ಇದೆಯೋ ಕೇಳು."

"ಲೀವನ್ ಅಂತೆ. ಹೋಗಿ ವರ್ಷದ ಮೇಲಾಯಿತಂತೆ," ಎಂದರು ತಿರುನಾರಾಯಣ. ಕಾರ್ಖಾನೆಯ ಯಾರೋ ಬನ್ನು ಕಟ್ಟಿಸಿಕೊಳ್ಳುತ್ತಾ ಮಾತಿಗೆ ಮಾತು ಬಂದು ಹೇಳಿದ್ದರು. "ಸೂತಕ ಏನೂ ಇಲ್ಲ ಅಂತ ಹೇಳಿ, ಟೀಚರ್. ನಮಗೆ ಅವನು ಸಂಬಂಧ ಏನೂ ಅಲ್ಲ."

ಯದುಗಿರಮ್ಮ ಒಳಗೆ ಹೋದ ಮೇಲೂ ತಿರುನಾರಾಯಣ ಬಾವಿಕಟ್ಟೆಯ ಮೇಲೆ ತೊಟ್ಟಿಕ್ಕುತ್ತಾ ಕೂತಿದ್ದರು. ಅಳಲಿಕ್ಕೂ ಒಂದು ಹಕ್ಕು ಬೇಕು ಎಂದು ನನಗೆ ಗೊತ್ತಾದದ್ದು ಅವತ್ತೇ. ತಮ್ಮ ಸತ್ತರೆ ಹತ್ತು ದಿನ ಮೂಲೆಯಲ್ಲಿ ಕೂರಬಹುದು, ಊರೇ ಬಂದು ಮಾತಾಡಿಸುತ್ತದೆ. ಇವರು ಮಾರನೆಯ ದಿನ ಬೆಳಿಗ್ಗೆ ಎದ್ದು ಬೇಕರಿಯ ಬಾಗಿಲು ತೆಗೆದರು.

ಅದಾದ ಕೆಲವು ದಿನಕ್ಕೆ ಸಂಜೆ ನನ್ನನ್ನು ತಾರಸಿಗೆ ಕರೆದರು. ಕೈಯಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಕಂದು ಸೀಸೆ. ಲೀವನ್ ಊರಿಗೆ ಹೊರಟಾಗ, ತಿರುಗಿ ಬಂದ ಮೇಲೆ ಒಟ್ಟಿಗೆ ತೆಗೆಯೋಣ ಎಂದು ಬಿಟ್ಟುಹೋಗಿದ್ದ ಅವರ ದೇಶದ ಬಿಯರು.

"ಇದನ್ನ ನಾನು ಕುಡಿಯೋ ಹಾಗಿಲ್ಲ. ಚೆಲ್ಲೋಕೆ ಮನಸ್ಸಿಲ್ಲ. ನೀವು ಕುಡಿದುಬಿಡಿ, ಟೀಚರ್. ನನಗೆ ತಳದ್ದು ಸಾಕು."

ನಾನು ಹುಟ್ಟಿದಾರಭ್ಯ ಮುಟ್ಟದ ವಸ್ತು ಅದು. ಆದರೂ ಹಿತ್ತಾಳೆ ಲೋಟ ಹಿಡಿದೆ. ಅವರು ಸೀಸೆಯನ್ನು ಮಗುವಿನ ತಲೆ ಬಾಗಿಸುವ ಹಾಗೆ ಬಾಗಿಸಿ, ಒಂದೇ ಸಮನೆ ಬಗ್ಗಿಸುತ್ತಾ ಹೋದರು. ತಳದಲ್ಲಿ ಮಡ್ಡಿ ಕದಲುವಷ್ಟರಲ್ಲಿ ಗಕ್ಕನೆ ನಿಲ್ಲಿಸಿದರು.

"ಲೀವನ್ ಹೇಳ್ತಿದ್ದ: ತಳದಲ್ಲಿರೋರು ಮಲಗಿದ್ದಾರೆ, ಎಬ್ಬಿಸಬೇಡ ಅಂತ. ಈಗ ಎಬ್ಬಿಸಬೇಕು. ಅವನ ಊರಲ್ಲಿ ಅವರ ತಾತನ ಕಾಲದಿಂದ ಒಂದರಿಂದ ಒಂದು ಬಂದಿರೋ ಹೆಪ್ಪಂತೆ ಇದು. ಇದಕ್ಕಿನ್ನೂ ಜೀವ ಇದ್ದರೆ..." ಅಲ್ಲಿಗೆ ನಿಲ್ಲಿಸಿ, "ಹೇಗಿದೆ?" ಎಂದರು.

"ಬಾಳೆಹಣ್ಣಿಗೆ ಲವಂಗ ಚುಚ್ಚಿಟ್ಟ ಹಾಗಿದೆ, ಸಾರ್."

ಅವರ ಮುಖ ಅರಳಿತು. ಲೋಟವನ್ನು ಇಸಿದುಕೊಂಡು ಒಂದು ಸಲ ಮೂಸಿ, ತಿರುಗಿ ನನಗೇ ಕೊಟ್ಟರು. ನನಗೆ ಸ್ವಲ್ಪ ತಲೆ ತಿರುಗುತ್ತಿತ್ತು, ಧೈರ್ಯವೂ ಬಂದಿತ್ತು. ಶ್ರಾದ್ಧದ ದಿನ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿಯೇಬಿಟ್ಟೆ.

"ಹಿಂದಿನ ಸಂಜೆ ಅವನ ತಾಯಿ ಹೋದ ತಂತಿ ಬಂದಿತ್ತು. ಒಬ್ಬನೇ ಇಲ್ಲೇ ಕೂತು ಕುಡೀತಿದ್ದ. ಬೆಳಗಾದರೆ ನಾನು ನಮ್ಮಪ್ಪನಿಗೆ ಪಿಂಡ ಇಡಬೇಕು. ಅವನಿಗೆ ತಾಯಿ ಮುಖ ನೋಡೋಕೂ ಆಗಲಿಲ್ಲ. ಬೆಳಗಿನ ತನಕ ಜೊತೆಗೆ ಕೂತೆ. ಅವನು ಬಗ್ಗಿಸಿಕೊಟ್ಟ, ಬೇಡ ಅನ್ನೋಕೆ ಆಗಲಿಲ್ಲ."

"ನಿಮ್ಮ ಅಕ್ಕನಿಗೆ ಇದನ್ನ ಹೇಳಿದಿರಾ?"

"ಕಂಬಕ್ಕೆ ಹೇಳಿದ್ದೆ," ಎಂದರು.

ಸೀಸೆಯ ತಳದಲ್ಲಿದ್ದದ್ದು ನಾಲ್ಕು ಚಮಚೆಯಷ್ಟು ಬೂದುಬಣ್ಣದ ಮಡ್ಡಿ. ಅದನ್ನು ಅವರು ಎರಡು ಪಾಲು ಮಾಡಿದರು. ಹೆಪ್ಪನ್ನು ಯಾವತ್ತೂ ಪೂರ್ತಿ ಬಳಸಬಾರದು, ಮನೆಯಲ್ಲಿ ಒಂದಿಷ್ಟು ಉಳಿಸಿಕೊಳ್ಳಬೇಕು ಎನ್ನುವುದು ಅವರು ಅಡುಗೆಮನೆಯಿಂದ ಕಲಿತಿದ್ದ ಶಾಸ್ತ್ರ. ಒಂದು ಪಾಲನ್ನು ಬಾರ್ಲಿ ಮೊಳಕೆಯ ಸಿಹಿ ಕಷಾಯಕ್ಕೆ ಬೆರೆಸಿ ಬೇಕರಿಯಲ್ಲಿ ಭಟ್ಟಿಯ ಕಟ್ಟೆಯ ಮೇಲಿಟ್ಟರು. ಬ್ರೆಡ್ಡಿನ ಹಿಟ್ಟು ಉಬ್ಬುತ್ತಿದ್ದುದು ಅಲ್ಲೇ. ಆ ಮಡ್ಡಿಗೆ ಅಷ್ಟು ಶಾಖ ತಡೆಯಲಿಲ್ಲ. ಹುಳಿ ನಾರಿ ಸತ್ತುಹೋಯಿತು. ಅಂದು ಅವರು ಊಟಕ್ಕೆ ಕೂರಲಿಲ್ಲ.

"ಕೊಂದುಬಿಟ್ಟೆ, ಟೀಚರ್. ಹೋದವನನ್ನ ಇನ್ನೊಂದು ಸಲ ಕೊಂದೆ. ಇನ್ನು ಇರೋದು ಅರ್ಧ. ಅದೂ ಹೋದರೆ ಅವನದು ಅಂತ ಈ ಊರಲ್ಲಿ ಏನೂ ಉಳಿಯಲ್ಲ."

ಉಳಿದ ಅರ್ಧಕ್ಕೆ ತಣ್ಣನೆಯ ಜಾಗ ಬೇಕಿತ್ತು. ಊರಲ್ಲೆಲ್ಲ ತಣ್ಣಗಿದ್ದದ್ದು ಒಂದೇ ಕಡೆ, ಯದುಗಿರಮ್ಮನ ಉಗ್ರಾಣ. ಉಪ್ಪಿನಕಾಯಿ ಭರಣಿಗಳೂ ಮೊಸರಿನ ಗಡಿಗೆಯೂ ಇರುವ ಕೋಣೆ ಅದು. ಅಲ್ಲಿನ ಬಾಗಿಲ ಹಿಂದಿನ ಮೂಲೆಗೆ, ಅಕ್ಕ ಪೂಜೆಗೆ ಕೂತ ಹೊತ್ತು ನೋಡಿ, ತಿರುನಾರಾಯಣ ಸೀಸೆಯನ್ನು ಇಟ್ಟುಬಂದರು.

ಅಂದೇ ಯದುಗಿರಮ್ಮ ಕೇಳಿದರು: "ಮೂಲೇಲಿ ಅದೇನು ಅಂತ ಕೇಳಮ್ಮ."

ತಿರುನಾರಾಯಣ ಬಾಯಿ ಬಿಡುವ ಮೊದಲೇ ನಾನು, "ಹೆಪ್ಪು, ಅಮ್ಮಾ," ಎಂದುಬಿಟ್ಟೆ. ಬಿಯರು ಎನ್ನುವ ಮಾತು ಆ ಅಡುಗೆಮನೆಯಲ್ಲಿ ನನ್ನ ಬಾಯಿಗೆ ಬರಲಿಲ್ಲ.

"ಯಾತರ ಹೆಪ್ಪು?"

"ಬಾರ್ಲಿ ಗಂಜಿದು."

ಅವರ ಮೂಗಿನ ಹೊಳ್ಳೆ ಒಂದು ಸಲ ಅರಳಿತು. ಶ್ರಾದ್ಧದ ದಿನದ ವಾಸನೆಯನ್ನು ಅವರು ಮರೆತಿರಲಿಕ್ಕಿಲ್ಲ. "ಬ್ರೆಡ್ಡಿನ ಭಟ್ಟಿ ಸಾಲದು ಅಂತ ಈಗ ಇನ್ನೊಂದು ಭಟ್ಟಿಯೋ ಕೇಳು," ಎಂದು ಒಳಗೆ ಹೋದರು. ಸೀಸೆಯನ್ನು ಮಾತ್ರ ಎತ್ತಿ ಹೊರಗಿಡಲಿಲ್ಲ.

ಆಮೇಲಿನದು ಬರೀ ಕಾಯುವುದು. ದಿನವೂ ಬೆಳಿಗ್ಗೆ ನಾನು ಕೆಳಗಿಳಿದಾಗ ತಿರುನಾರಾಯಣ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಸೀಸೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ಎದ್ದರೇ ಎಂದು ನಾನು ಕೇಳುವುದು, ಇಲ್ಲ ಎಂದು ಅವರು ತಲೆಯಾಡಿಸುವುದು. ಇನ್ನು ಬಿಟ್ಟುಬಿಡಿ ಎಂದು ಹೇಳೋಣ ಎಂದುಕೊಂಡಿದ್ದ ಬೆಳಿಗ್ಗೆ ಸೀಸೆಯ ಕತ್ತಿನಲ್ಲಿ ಉಗುರಿನಷ್ಟು ನೊರೆ ಕಟ್ಟಿತ್ತು. ಅವರು ನನ್ನ ಕೈ ಹಿಡಿದುಕೊಂಡರು, ಮರುಕ್ಷಣ ನಾಚಿ ಬಿಟ್ಟರು.

ಹೆಪ್ಪು ಚುರುಕಾಗುತ್ತಾ ಬಂತು. ಮೊಳಕೆ ಬರಿಸಿ ಒಣಗಿಸಿ ಹುರಿದ ಬಾರ್ಲಿಯನ್ನು ಮುಕ್ಕಾಗಿ ಒಡೆಸಿ, ಬೇಯಿಸಿ, ಸೋಸಿ, ಪೇಟೆಯಿಂದ ತರಿಸಿದ ಹಾಪ್ಸ್ ಎನ್ನುವ ಕಹಿ ಹೂವನ್ನು ಹಾಕಿ ಕುದಿಸಿದರು. ಲೀವನ್ ಹೇಳಿಕೊಟ್ಟಿದ್ದಂತೆ ಅದಕ್ಕೆ ಇನ್ನೂ ಮೂರು ಸಾಮಾನು ಬೇಕಿತ್ತು: ಕೊತ್ತಂಬರಿ ಬೀಜ, ಕಹಿ ಕಿತ್ತಳೆಯ ಸಿಪ್ಪೆ, ಹರಳು ಸಕ್ಕರೆ. ಕಹಿ ಕಿತ್ತಳೆಗೆ ನಮ್ಮ ಹೇರಳೆ, ಹರಳು ಸಕ್ಕರೆಗೆ ನಮ್ಮ ಕಲ್ಲುಸಕ್ಕರೆ. ಮೂರೂ ಯದುಗಿರಮ್ಮನ ಡಬ್ಬಿಗಳಲ್ಲಿದ್ದವು. ನನ್ನ ಮೂಲಕವೇ ಬೇಡಿಕೆ ಹೋಯಿತು.

"ಅಜೀರ್ಣಕ್ಕೆ ಕಷಾಯವೋ ಕೇಳು."

"ಹೌದು ಅಂತ ಹೇಳಿ."

"ಯಾರಿಗೆ ಅಜೀರ್ಣ ಅಂತ ಕೇಳು," ಎನ್ನುತ್ತಲೇ ಅಳೆದು ಕೊಟ್ಟರು.

ಬೇಕರಿಯ ಬಿಸ್ಕತ್ತಿನ ದೊಡ್ಡ ಜಾಡಿಗೆ ಅದೆಲ್ಲ ತುಂಬಿ, ಹೆಪ್ಪು ಬೆರೆಸಿ, ಒಂದಿಷ್ಟನ್ನು ರೂಢಿಯಂತೆ ಸಣ್ಣ ಸೀಸೆಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ನಳಿಗೆ ಜೋಡಿಸಿದರು. ಸಂಜೆಯ ಹೊತ್ತಿಗೆ ಮೊದಲ ಗುಳ್ಳೆ ಒಡೆಯಿತು. ಆಮೇಲೆ ನಿಲ್ಲಲೇ ಇಲ್ಲ. ಬುಳುಕ್. ಸ್ವಲ್ಪ ತಡೆದು, ಬುಳುಕ್. ಒಂದು ದಿನ ನಾನು ಶಾಲೆಯಿಂದ ಬಂದಾಗ ಯದುಗಿರಮ್ಮ ಉಗ್ರಾಣದ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ಕಂಡು, "ಒಳಗೆ ಯಾರೋ ಇದ್ದ ಹಾಗಾಗುತ್ತೆ, ಅಲ್ಲವೇನಮ್ಮ," ಎಂದರು. ಅದನ್ನು ಯಾರಿಗೂ ಹೇಳು ಎನ್ನಲಿಲ್ಲ. ಅವರಿಗೂ ಆ ಮನೆ ನನಗೆಷ್ಟು ಖಾಲಿಯೋ ಅಷ್ಟೇ ಖಾಲಿ ಎಂದು ನನಗೆ ಹೊಳೆದೇ ಇರಲಿಲ್ಲ.

"ಇಷ್ಟೆಲ್ಲ ಮಾಡಿ ನೀವು ಕುಡಿಯೋದಿಲ್ಲವಲ್ಲ, ಸಾರ್," ಎಂದೆ ತಿರುನಾರಾಯಣ ಅವರಿಗೆ.

"ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದವನನ್ನೇ ಜನ ನಂಬಲ್ಲ. ನಾನು ಈಚಲ ಮರವನ್ನೇ ನೆಟ್ಟುಕೊಂಡು ಮಜ್ಜಿಗೆ ಕುಡೀತಾ ಕೂತಿದ್ದೀನಿ," ಎಂದು ನಕ್ಕರು. ಆಮೇಲೆ, "ಅವನಿಗೆ ಅಂತ ನಾನು ಮಾಡಬಹುದಾದ್ದು ಇದೊಂದೇ," ಎಂದರು.

ಗ್ರಹಣ ಬಂದದ್ದು ಆಗ. ಸೂರ್ಯಗ್ರಹಣ, ಹಗಲಿನದು. ಗ್ರಹಣ ಬಂತೆಂದರೆ ಮನೆಯಲ್ಲಿದ್ದ ಅನ್ನ ಸಾರು, ಕೊಡದ ನೀರು ಎಲ್ಲ ಹೊರಕ್ಕೆ. ಉಪ್ಪಿನಕಾಯಿ, ಮೊಸರು, ತುಪ್ಪದಂಥ ಉಳಿಯಬೇಕಾದವಕ್ಕೆ ಮಾತ್ರ ಮೇಲೊಂದು ದರ್ಭೆಯ ಎಸಳು ಹಾಕಿ ಕಾಪಾಡಿಕೊಳ್ಳುವುದು. ದರ್ಭೆ ಬಿದ್ದದ್ದು ಮನೆಯದು, ಬೀಳದ್ದು ಕೊಚ್ಚೆಗೆ. ಯದುಗಿರಮ್ಮನ ಮನೆಯಲ್ಲಿ ಇದಕ್ಕೆ ರಿಯಾಯಿತಿ ಇರಲಿಲ್ಲ. ಹಿಂದಿನ ಗ್ರಹಣಕ್ಕೆ ಬೇಕರಿಯಿಂದ ಬಂದಿದ್ದ ಒಂದು ತಟ್ಟೆ ದಿಲ್‌ಪಸಂದ್ ಹಸುವಿನ ಪಾಲಾಗಿತ್ತಂತೆ.

ಬೆಳಿಗ್ಗೆ ತಿರುನಾರಾಯಣ ಪಂಚಪಾತ್ರೆ ಹಿಡಿದು ಹೊಳೆಗೆ ಹೊರಟರು. ಗ್ರಹಣದ ಸ್ನಾನ, ತರ್ಪಣ ಎಲ್ಲ ಅಲ್ಲೇ. ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು.

"ಟೀಚರ್, ಅಕ್ಕನಿಗೆ ಹೇಳಿ..."

"ಏನು ಹೇಳಲಿ?"

ಅವರು ಉಗ್ರಾಣದ ಕಡೆ ನೋಡಿದರು. ಜಾಡಿಯನ್ನು ಕದಲಿಸುವ ಹಾಗಿರಲಿಲ್ಲ, ಬೇಕರಿಗೆ ಒಯ್ದರೆ ಸಾಯುತ್ತಿತ್ತು.

"ನೀವೇ ಒಂದು ದರ್ಭೆ ಹಾಕಿ ಹೋಗಿ, ಸಾರ್," ಎಂದೆ.

"ಎಲ್ಲಾದರೂ ಉಂಟೆ? ಒಂದು ಸಲ ಅವಳ ದರ್ಭೆಗೆ ಅಪಚಾರ ಮಾಡಿದ್ದೇ ಸಾಕು. ಈ ಕೈಯಿಂದ ಅದನ್ನ ಇದಕ್ಕೆ ಮುಟ್ಟಿಸಲಾರೆ." ಪಂಚಪಾತ್ರೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಬೇಡ ಬಿಡಿ, ಏನೂ ಹೇಳಬೇಡಿ. ಅವಳ ಉಗ್ರಾಣ, ಅವಳ ಧರ್ಮ."

ಅವರು ಬೀದಿಯ ತಿರುವು ದಾಟುವುದನ್ನು ನೋಡುತ್ತಾ ನಿಂತಿದ್ದವಳು, ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋದೆ. ಯದುಗಿರಮ್ಮ ಒದ್ದೆ ಸೀರೆಯಲ್ಲಿ ನೆಲದ ಮೇಲೆ ಕೂತು ದರ್ಭೆಯ ಕಟ್ಟು ಬಿಚ್ಚುತ್ತಿದ್ದರು.

"ಅಮ್ಮಾ, ಅವತ್ತು ಶ್ರಾದ್ಧದ ಹಿಂದಿನ ದಿನ ಆ ಸಾಹೇಬರ ತಾಯಿ ಹೋಗಿದ್ದರಂತೆ. ಒಬ್ಬರೇ ಕೂತಿದ್ದರಂತೆ. ಇವರು ಬೆಳಗಿನ ತನಕ ಜೊತೆಗೆ ಕೂತಿದ್ದರಂತೆ. ಅಷ್ಟೇ ಅಂತೆ."

ಅವರ ಕೈ ನಿಂತಿತು. "ಹೇಳು ಅಂದನೇ?"

"ಇಲ್ಲ, ಅಮ್ಮಾ."

"ಹೇಳು ಅನ್ನದೇ ಇದ್ದದ್ದನ್ನ ಯಾಕೆ ಹೇಳ್ತಿ? ನಾನು ಮಡಿಯಲ್ಲಿದ್ದೀನಿ. ಮೇಲೆ ಹೋಗು. ಬಿಡೋ ತನಕ ಇಳೀಬೇಡ."

ಅವರ ದನಿಯಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಬಿಸಿಲು ಬಣ್ಣ ಕಳೆದುಕೊಂಡು ಹಳೆಯ ಪಾತ್ರೆಯ ಹಾಗೆ ಮಂಕಾಯಿತು. ಹೆಂಚಿನ ಸಂದಿಯಿಂದ ನೆಲಕ್ಕೆ ಬೀಳುತ್ತಿದ್ದ ಬೆಳಕಿನ ಬಿಲ್ಲೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದವು. ಬೇರೆ ದಿನವಾಗಿದ್ದರೆ ಸೀಮೆಸುಣ್ಣ ತಂದು ಅವುಗಳ ಸುತ್ತ ಗೆರೆ ಎಳೆಯುತ್ತಿದ್ದೆ. ಕೆಳಗೆ ಹಿತ್ತಲಲ್ಲಿ ನೀರು ಚೆಲ್ಲುವ ಸದ್ದು ಶುರುವಾಗಿತ್ತು. ಕೊಡ, ಹಂಡೆ, ಚೊಂಬು ಒಂದೊಂದಾಗಿ ಬಗ್ಗುತ್ತಿದ್ದವು. ಕೊನೆಗೆ ಯಾವುದೋ ದೊಡ್ಡದೊಂದು ಬಹಳ ಹೊತ್ತು ಗಳಗಳ ಎಂದು ಬರಿದಾಯಿತು. ಕಿವಿಗೊಟ್ಟು ಕೇಳಿದೆ, ಮಹಡಿಗೆ ಗುಳ್ಳೆಯ ಸದ್ದು ಕೇಳುವ ಹಾಗೇ ಇರಲಿಲ್ಲ.

ಗ್ರಹಣ ಬಿಟ್ಟ ಮೇಲೆ ಇಳಿದು ಬಂದೆ. ತಿರುನಾರಾಯಣ ಆಗಲೇ ಬಂದು, ನೀರು ಸೋರುವ ಪಂಚೆಯಲ್ಲಿ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಅಂಗಳದ ತುಂಬ ಬೋರಲು ಹಾಕಿದ ಪಾತ್ರೆಗಳು. ಕೊಚ್ಚೆಯ ಬಾಯಲ್ಲಿ ಇನ್ನೂ ನೊರೆಯಿತ್ತು, ಅದು ಯಾತರ ನೊರೆಯೋ.

"ನೀವೇ ಹೋಗಿ ನೋಡಿ, ಟೀಚರ್. ನನಗೆ ಆಗಲ್ಲ," ಎಂದರು.

ಉಗ್ರಾಣದಲ್ಲಿ ಭರಣಿಗಳ ಸಾಲಿತ್ತು. ಮಾವಿನ ಮಿಡಿ, ನಿಂಬೆ, ತುಪ್ಪ, ಮೊಸರಿನ ಗಡಿಗೆ, ಎಲ್ಲದರ ಮೇಲೂ ಒಂದೊಂದು ಎಸಳು. ಬಾಗಿಲು ಸರಿಸಿ ಮೂಲೆ ನೋಡಿದೆ. ಜಾಡಿ ಇದ್ದಲ್ಲೇ ಇತ್ತು. ಅದರ ಬಾಯಿಗೆ ಅಡ್ಡವಾಗಿ ಒಂದು ದರ್ಭೆ. ಪಕ್ಕದಲ್ಲಿ ಎತ್ತಿಟ್ಟಿದ್ದ ಸಣ್ಣ ಸೀಸೆಯ ಮೇಲೂ, ಅದು ಜಾರಿ ಬೀಳದ ಹಾಗೆ ಎರಡಾಗಿ ಮಡಿಸಿ, ಇನ್ನೊಂದು.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ನಾನು ಹೊರಗೆ ಬರಲಿಲ್ಲವೆಂದು ತಿರುನಾರಾಯಣ ಅವರೇ ಬಂದು ನನ್ನ ಹಿಂದೆ ನಿಂತರು. ನೋಡಿದರು. ಬಗ್ಗಲಿಲ್ಲ, ಮುಟ್ಟಲಿಲ್ಲ, ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತರು. ಬಾವಿಕಟ್ಟೆಯ ಮೇಲೆ ಕೂತಿದ್ದಾಗ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತರು.

ಅಡುಗೆಮನೆಯಿಂದ ಹೊಸ ನೀರು ಕಾಯುವ ಸದ್ದಿನ ಜೊತೆ ಯದುಗಿರಮ್ಮನ ದನಿ ಬಂತು. "ಗ್ರಹಣ ಬಿಟ್ಟು ಎಷ್ಟು ಹೊತ್ತಾಯಿತು. ದರ್ಭೆ ತೆಗೀಬಹುದು ಅಂತ ಹೇಳಮ್ಮ."

ನಾನು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದೆ.

ಆಮೇಲೆ ಅಕ್ಕ ತಮ್ಮ ನೇರವಾಗಿ ಮಾತಾಡಿದರೇ ಎಂದು ಈ ಕತೆ ಕೇಳಿದವರೆಲ್ಲ ಕೇಳುತ್ತಾರೆ. ಇಲ್ಲ. ನಾನು ಆ ಊರು ಬಿಡುವವರೆಗೂ ಉಪ್ಪು ಖಾರಗಳೆಲ್ಲ ನನ್ನ ಮೂಲಕವೇ ಹೋಗಿ ಬಂದವು. ಬೇರೆ ಭರಣಿಗಳ ದರ್ಭೆಯನ್ನೆಲ್ಲ ಯದುಗಿರಮ್ಮ ಅಂದೇ ಒಟ್ಟುಮಾಡಿ ತುಳಸಿಯ ಬುಡಕ್ಕೆ ಹಾಕಿದರು. ಜಾಡಿಯ ಮೇಲಿನದನ್ನು ತಿರುನಾರಾಯಣ ಎರಡು ಬೆರಳಲ್ಲಿ ಎತ್ತಿ, ಎಲ್ಲಿಡುವುದೆಂದು ತಿಳಿಯದವರ ಹಾಗೆ ಸುತ್ತ ನೋಡಿ, ಉಗ್ರಾಣದ ಜಂತೆಯ ಸಂದಿಗೆ ಸಿಕ್ಕಿಸಿದರು. ಅಲ್ಲೇ ಒಣಗಿ, ಹುಲ್ಲಿನ ಬಣ್ಣಕ್ಕೆ ತಿರುಗಿ, ಯಾರಾದರೂ ಬಾಗಿಲು ತೆಗೆದಾಗಲೆಲ್ಲ ಅದು ಒಂದಿಷ್ಟು ಅಲುಗುತ್ತಿತ್ತು. ವರ್ಷಕ್ಕೆರಡು ಸಲ ಜಂತೆಯ ಧೂಳು ಹೊಡೆಯುತ್ತಿದ್ದ ಯದುಗಿರಮ್ಮ, ಪೊರಕೆಯನ್ನು ಅದರ ಹತ್ತಿರ ತಂದು, ಅಲ್ಲಿಂದ ಸ್ವಲ್ಪ ಆಚೆಗೆ ಗುಡಿಸಿಕೊಂಡು ಹೋಗುತ್ತಿದ್ದರು.